ವಾಕರ್ ಎಂದರೆ ನಡೆಯುವವನಲ್ಲ, ತುಳಿಯುವವನು

ಮನೆಯಲ್ಲಿ ಮುಲ್ತಾನಿ ಮಿಟ್ಟಿ ಪ್ಯಾಕೆಟ್ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಎಷ್ಟೋ ಪ್ಯಾಕೆಟ್‌ಗಳ ಮೇಲೆ ಸಣ್ಣ ಅಕ್ಷರದಲ್ಲಿ ‘ಫುಲ್ಲರ್ಸ್ ಅರ್ಥ್’ ಎಂದು ಬರೆದಿರುತ್ತದೆ. ಅರ್ಥ್ ಎಂದರೆ ಮಣ್ಣು, ಸರಿ. ಈ ಫುಲ್ಲರ್ ಯಾರು? ಬಹಳ ವರ್ಷ ನಾನು ಅದನ್ನು ಯಾರೋ ಒಬ್ಬ ಸಾಹೇಬನ ಹೆಸರು ಅಂದುಕೊಂಡಿದ್ದೆ. ಫುಲ್ಲರ್ ಸಾಹೇಬ ಮುಲ್ತಾನದಲ್ಲಿ ಮಣ್ಣು ಅಗೆಸಿ, ಚೀಲಕ್ಕೆ ತುಂಬಿ, ಬ್ಯೂಟಿ ಪಾರ್ಲರ್‌ಗಳಿಗೆ ಮಾರಿರಬೇಕು ಅಂತ.

ಅಲ್ಲ. ಫುಲ್ಲರ್ ಎಂಬುದು ಒಂದು ಕೆಲಸದ ಹೆಸರು. ಮಗ್ಗದಿಂದ ಆಗತಾನೆ ಇಳಿದ ಉಣ್ಣೆ ಬಟ್ಟೆಯನ್ನು ತುಳಿದು, ಜಿಡ್ಡು ತೆಗೆದು, ದಪ್ಪ ಮಾಡುವವನು ಫುಲ್ಲರ್. ಜಿಡ್ಡು ಹೀರಲು ಅವನು ಬಳಸುತ್ತಿದ್ದ ಮಣ್ಣೇ ಫುಲ್ಲರ್ಸ್ ಅರ್ಥ್. ಕುರಿ ಉಣ್ಣೆಯ ಜಿಡ್ಡು ಹೀರುವ ಮಣ್ಣು ನಮ್ಮ ಮುಖದ ಜಿಡ್ಡನ್ನೂ ಹೀರುತ್ತದೆ, ಅಷ್ಟೇ ವಿಷಯ.

ನಮಸ್ಕಾರ. ಇವತ್ತಿನ ಮಾತು ಇಂಗ್ಲಿಷರ ಅಡ್ಡಹೆಸರುಗಳ ಬಗ್ಗೆ. ಅದರಲ್ಲೂ ಕೆಲಸದಿಂದ ಬಂದ ಹೆಸರುಗಳು. ಸ್ಮಿತ್ ಎಂದರೆ ಕಮ್ಮಾರ, ಬೇಕರ್ ಎಂದರೆ ರೊಟ್ಟಿ ಸುಡುವವನು, ಇದೆಲ್ಲ ನಿಮಗೆ ಗೊತ್ತಿದೆ. ನನಗೆ ಹುಳ ಹತ್ತಿಸಿದ ಹೆಸರು ಬೇರೆ. ವಾಕರ್.

ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಮೊದಲ 20 ಅಡ್ಡಹೆಸರುಗಳಲ್ಲಿ ಇದೂ ಒಂದು. ಕೇಳಿದ ತಕ್ಷಣ ನಮಗೆ ಏನನ್ನಿಸುತ್ತದೆ? ನಡೆಯುವವನು. ಅಂಚೆಯವನೋ, ಕಾವಲುಗಾರನೋ, ಇಲ್ಲ ಬೆಳಗ್ಗೆ ಎದ್ದು ಪಾರ್ಕ್ ಸುತ್ತುವವನೋ. ಆದರೆ ವಾಕರ್ ಎಂದರೂ ಅದೇ ಬಟ್ಟೆ ತುಳಿಯುವವನೇ. ಹಳೇ ಇಂಗ್ಲಿಷಿನಲ್ಲಿ ‘ವೆಯಲ್ಕನ್’ ಎಂಬ ಕ್ರಿಯಾಪದ ಇತ್ತು. ಉರುಳಿಸು, ಹೊರಳಾಡಿಸು ಎಂಬ ಅರ್ಥ. ಅದರಿಂದ ಬಂದ ‘ವೆಯಲ್ಕೆರೆ’ ಎಂದರೆ ಬಟ್ಟೆ ತುಳಿಯುವವನು. ಅವನೇ ಮುಂದೆ ವಾಕರ್ ಆದ. ನಡೆ ಎಂಬ ಅರ್ಥ ‘ವಾಕ್’ ಪದಕ್ಕೆ ಬಂದು ಕೂತದ್ದು ಆಮೇಲೆ.

ಇನ್ನೂ ಒಬ್ಬನಿದ್ದಾನೆ. ಟಕ್ಕರ್. ಅವನೂ ಅದೇ ಕೆಲಸದವನು! ಹಳೇ ಇಂಗ್ಲಿಷಿನ ‘ಟೂಸಿಯನ್’ ಎಂದರೆ ಹಿಂಸಿಸು. ಬಟ್ಟೆಗೆ ಕೊಡುವ ಹಿಂಸೆ ಅಂತ ಇಟ್ಟುಕೊಳ್ಳಿ. ಒಂದೇ ಕೆಲಸಕ್ಕೆ ಮೂರು ಹೆಸರು, ಮೂರು ಸೀಮೆ. ಯಾರ್ಕ್‌ಶೈರ್, ಲ್ಯಾಂಕಶೈರ್ ಇರುವ ಉತ್ತರದಲ್ಲಿ ವಾಕರ್. ಲಂಡನ್ನಿನ ಆಸುಪಾಸು, ಪೂರ್ವ, ಆಗ್ನೇಯದಲ್ಲಿ ಫುಲ್ಲರ್. ಡೆವನ್, ಸಾಮರ್‌ಸೆಟ್ ಇರುವ ನೈಋತ್ಯ ಮೂಲೆಯಲ್ಲಿ ಟಕ್ಕರ್. ಡೆವನ್‌ನ ಎಕ್ಸಿಟರ್ ಪಟ್ಟಣದಲ್ಲಿ 1471ರಲ್ಲಿ ನೇಕಾರರು ಮತ್ತು ಬಟ್ಟೆ ತುಳಿಯುವವರ ಸಂಘ ಕಟ್ಟಿಸಿದ ‘ಟಕ್ಕರ್ಸ್ ಹಾಲ್’ ಈಗಲೂ ನಿಂತಿದೆ. ನಮ್ಮಲ್ಲಿ ಒಂದೇ ತರಕಾರಿಗೆ ಧಾರವಾಡದಲ್ಲಿ ಉಳ್ಳಾಗಡ್ಡಿ, ಮೈಸೂರಿನಲ್ಲಿ ಈರುಳ್ಳಿ, ಮಂಗಳೂರಿನಲ್ಲಿ ನೀರುಳ್ಳಿ ಅನ್ನುತ್ತೇವಲ್ಲ, ಹಾಗೇ. ವ್ಯತ್ಯಾಸ ಏನೆಂದರೆ ಅಲ್ಲಿ ಆ ಪದಗಳು ಜನರ ಬೆನ್ನಿಗೆ ಅಂಟಿಕೊಂಡವು. ಅಂದಹಾಗೆ ಉಳ್ಳಾಗಡ್ಡಿ ಎಂಬ ಅಡ್ಡಹೆಸರೂ ನಮ್ಮ ಕಡೆ ಇದೆ ಅನ್ನಿ.

ಈ ತುಳಿಯುವ ಕೆಲಸ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು. ಊಟ ಮಾಡುತ್ತಾ ಕೇಳುತ್ತಿದ್ದರೆ ತಟ್ಟೆ ಪಕ್ಕಕ್ಕಿಡಿ.

ಉಣ್ಣೆಯಲ್ಲಿ ಸಹಜವಾಗಿಯೇ ಜಿಡ್ಡು ಇರುತ್ತದೆ. ಮಗ್ಗದಿಂದ ಇಳಿದ ಬಟ್ಟೆ ಸಡಿಲ, ಜಾಳುಜಾಳು. ಹಾಸು ಹೊಕ್ಕು ಎಳೆ ಎಳೆಯಾಗಿ ಕಾಣುತ್ತದೆ. ಗಾಳಿ ತಡೆಯುವುದಿಲ್ಲ. ಅದನ್ನು ತೊಟ್ಟಿಯಲ್ಲಿ ಹಾಕಿ, ನೀರು, ಮಣ್ಣು, ಜೊತೆಗೆ ಹಳಸಿದ ಉಚ್ಚೆ ಹಾಕಿ ಗಂಟೆಗಟ್ಟಲೆ ಬರಿಗಾಲಲ್ಲಿ ತುಳಿಯಬೇಕು. ಹೌದು, ಉಚ್ಚೆ. ಮನುಷ್ಯರದೇ. ಕೆಲವು ದಿನ ಇಟ್ಟರೆ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ಜಿಡ್ಡನ್ನು ಕಳಚುತ್ತದೆ. ಸೋಪು ದುಬಾರಿಯಾಗಿದ್ದ ಕಾಲದಲ್ಲಿ ಇದು ಪುಕ್ಕಟೆ ಸೋಪು. ಪುಕ್ಕಟೆ ಅಂದೆ, ರೋಮಿನಲ್ಲಿ ಅದೂ ಪುಕ್ಕಟೆ ಇರಲಿಲ್ಲ. ಅಲ್ಲಿ ಬಟ್ಟೆ ತುಳಿಯುವವರಿಗೆ ‘ಫುಲ್ಲೋ’ ಅನ್ನುತ್ತಿದ್ದರು, ಫುಲ್ಲರ್ ಎಂಬ ಪದ ಬಂದದ್ದೇ ಅಲ್ಲಿಂದ. ಚಕ್ರವರ್ತಿ ವೆಸ್ಪಾಸಿಯನ್ ಸಾರ್ವಜನಿಕ ಮೂತ್ರದ ತೊಟ್ಟಿಗಳಿಂದ ಮೂತ್ರ ಒಯ್ಯುವವರ ಮೇಲೆ ತೆರಿಗೆ ಹಾಕಿದ. ಮಗ ಟೈಟಸ್ ಮೂಗು ಮುರಿದಾಗ ನಾಣ್ಯವನ್ನು ಅವನ ಮೂಗಿನ ಹತ್ತಿರ ಹಿಡಿದು, ‘ನಾರುತ್ತಿದೆಯಾ?’ ಎಂದು ಕೇಳಿದನಂತೆ.

ತುಳಿದಷ್ಟೂ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಟ್ಟೆ ಕುಗ್ಗುತ್ತದೆ, ದಪ್ಪ ಆಗುತ್ತದೆ. ಆಮೇಲೆ ಅದನ್ನು ಬಯಲಿನಲ್ಲಿ ಮರದ ಚೌಕಟ್ಟಿಗೆ ಕೊಕ್ಕೆಗಳಿಂದ ಸಿಕ್ಕಿಸಿ, ಬಿಗಿಯಾಗಿ ಎಳೆದು ಒಣಗಿಸಬೇಕು. ಆ ಚೌಕಟ್ಟು ಟೆಂಟರ್, ಆ ಕೊಕ್ಕೆ ಟೆಂಟರ್‌ಹುಕ್. ಜೀವ ಕೈಯಲ್ಲಿ ಹಿಡಿದು ಕಾಯುವವನನ್ನು ಇಂಗ್ಲಿಷರು ಇವತ್ತಿಗೂ ‘ಟೆಂಟರ್‌ಹುಕ್ಸ್ ಮೇಲಿದ್ದಾನೆ’ ಅನ್ನುವುದು ಇದರಿಂದಲೇ.

ಕೆಲಸದಲ್ಲಿ ನನ್ನ ಜೊತೆ ಯಾರ್ಕ್‌ಶೈರ್ ಕಡೆಯ ಒಬ್ಬ ವಾಕರ್ ಇದ್ದ. ನೋಡಿದ್ದು ಸ್ಕ್ರೀನ್ ಮೇಲೆ ಮಾತ್ರ. ಒಂದು ದಿನ ಕಾಲ್‌ನಲ್ಲಿ ಯಾರೋ, ನಿಮ್ಮ ವಂಶದವರು ಜಾಸ್ತಿ ನಡೆಯುತ್ತಿದ್ದರಾ ಎಂದು ತಮಾಷೆ ಮಾಡಿದರು. ಅವನು ನಕ್ಕು, ‘ನಡೆಯುತ್ತಿದ್ದರು, ಉಚ್ಚೆ ತೊಟ್ಟಿಯಲ್ಲಿ’ ಅಂದ. ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. ಖುಷಿಯಿಂದಲೇ ಹೇಳಿದ. ನನಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಯಾಕೆ ಕೂತಿತು ಎಂದು ಆಮೇಲೆ ಹೇಳುತ್ತೇನೆ.

ಇಂಗ್ಲೆಂಡಿಗೆ ಮಧ್ಯಯುಗದಲ್ಲಿ ಉಣ್ಣೆಯೇ ಚಿನ್ನ. ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಯಲ್ಲಿ ಸಭಾಪತಿ ಇವತ್ತಿಗೂ ಕೂರುವುದು ‘ವೂಲ್‌ಸ್ಯಾಕ್’ ಎಂಬ ಉಣ್ಣೆ ತುಂಬಿದ ದಿಂಬಿನ ಮೇಲೆ. ಹಾಗಾಗಿ ಒಂದು ಗಜ ಬಟ್ಟೆ ತಯಾರಾಗುವ ದಾರಿಯುದ್ದಕ್ಕೂ ಅಡ್ಡಹೆಸರುಗಳು ಸಾಲುಗಟ್ಟಿ ನಿಂತಿವೆ. ಕುರಿ ಕಾಯುವವನು ಶೆಪರ್ಡ್. ಉಣ್ಣೆ ಬಾಚುವವಳು ಕೆಂಪ್‌ಸ್ಟರ್. ನೇಯುವವಳು ವೆಬ್‌ಸ್ಟರ್, ನಿಘಂಟಿನ ವೆಬ್‌ಸ್ಟರ್ ಹೆಸರೇ. ತುಳಿಯುವವನು ನಮ್ಮ ವಾಕರ್. ತುಳಿದ ಬಟ್ಟೆಯ ಮೇಲೆದ್ದ ನವಿರನ್ನು ದೊಡ್ಡ ಕತ್ತರಿಯಿಂದ ಕತ್ತರಿಸುವವನು ಶರ್ಮನ್. ಬಣ್ಣ ಹಾಕುವವನು ಲಿಸ್ಟರ್. ಆಪರೇಷನ್ ಮಾಡುವಾಗ ಗಾಯ ಕೊಳೆಯದಂತೆ ಔಷಧಿ ಬಳಸಲು ಕಲಿಸಿದ ಜೋಸೆಫ್ ಲಿಸ್ಟರ್ ಇದ್ದಾನಲ್ಲ, ಬಾಯಿ ಮುಕ್ಕಳಿಸುವ ಲಿಸ್ಟರಿನ್‌ಗೆ ಅವನದೇ ಹೆಸರು. ಮೂಲದಲ್ಲಿ ಅದು ಬಣ್ಣಗಾರನ ಹೆಸರು. ಬಟ್ಟೆ ಮಾರುವವನು ಡ್ರೇಪರ್, ಕೊನೆಗೆ ಹೊಲಿಯುವವನು ಟೇಲರ್.

‘-ಸ್ಟರ್’ ಎಂದು ಮುಗಿಯುವ ಹೆಸರುಗಳನ್ನು ಗಮನಿಸಿದಿರಾ? ಅದು ಹಳೇ ಇಂಗ್ಲಿಷಿನಲ್ಲಿ ಹೆಂಗಸರಿಗೆ ಹಚ್ಚುತ್ತಿದ್ದ ಬಾಲ. ಬೇಕರ್ ಗಂಡಸು, ಬ್ಯಾಕ್ಸ್‌ಟರ್ ಹೆಂಗಸು. ಮುಂದೆ ಗಂಡಸರಿಗೂ ಅದೇ ಹೆಸರು ಬಂತು, ಮೂಲ ಮರೆತುಹೋಯಿತು. ಆದರೆ ನನ್ನ ಸಾಲಿನಲ್ಲಿ ಒಬ್ಬಳು ಕಾಣೆಯಾಗಿದ್ದಾಳೆ, ನೋಡಿ. ನೂಲುವವಳು. ಒಂದು ಮಗ್ಗಕ್ಕೆ ನೂಲು ಪೂರೈಸಲು ಹಲವು ಕೈ ನೂಲಬೇಕಿತ್ತು. ಇಡೀ ಉದ್ಯಮದಲ್ಲಿ ಅತಿ ಹೆಚ್ಚು ಜನ ಮಾಡುತ್ತಿದ್ದ ಕೆಲಸ ಅದು, ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಅವರ ಹೆಸರು ಸ್ಪಿನ್‌ಸ್ಟರ್. ಅದು ಮನೆತನದ ಹೆಸರಾಗಲೇ ಇಲ್ಲ. ಮದುವೆಯಾಗದವಳು ಎಂಬ ಅರ್ಥ ಹಚ್ಚಿಕೊಂಡು ಕಾನೂನು ಕಾಗದಕ್ಕೆ ಹೋಯಿತು, ಆಮೇಲೆ ಬೈಗುಳದ ಹತ್ತಿರಕ್ಕೆ ಬಂತು. ನೂತವಳಿಗೆ ಸಿಕ್ಕಿದ್ದು ಅಷ್ಟು.

ಇಲ್ಲಿ ಒಂದು ತಪ್ಪು ಲೆಕ್ಕ ಸರಿ ಮಾಡಬೇಕು. ಅಮೆರಿಕದ 2010ರ ಜನಗಣತಿಯಲ್ಲಿ ಸ್ಮಿತ್‌ಗಳು 24 ಲಕ್ಷಕ್ಕೂ ಹೆಚ್ಚು. ಹಾಗಾದರೆ ಹಿಂದೆ ಎಲ್ಲರೂ ಕಮ್ಮಾರರಾಗಿದ್ದರಾ? ಉಲ್ಟಾ. ಊರಿಗೆ ಒಬ್ಬ ಇದ್ದ, ಅದಕ್ಕೇ ಆ ಹೆಸರು ನಿಂತಿತು. ಊರಿನಲ್ಲಿ ಹತ್ತು ಜಾನ್‌ಗಳಿದ್ದು ಒಂಬತ್ತು ಜನ ಉಳುವವರಾದರೆ ‘ಉಳುವ ಜಾನ್’ ಎಂದು ಕರೆದು ಏನು ಉಪಯೋಗ? ‘ಕಮ್ಮಾರ ಜಾನ್’ ಅಂದರೆ ಯಾರೆಂದು ಗೊತ್ತಾಗುತ್ತದೆ. ಫಾರ್ಮರ್ ಎಂಬ ಅಡ್ಡಹೆಸರಿದೆ, ಆದರೆ ಅದು ರೈತನದಲ್ಲ. ಕಂದಾಯ ಎತ್ತುವ ಗುತ್ತಿಗೆ ಹಿಡಿದವನ ಹೆಸರು! ರೈತ ಹೊಲದಲ್ಲಿದ್ದ, ಹೆಸರು ವಸೂಲಿಯವನಿಗೆ ಹೋಯಿತು.

ಈಗ ನನ್ನ ವಾದದ ಮುಖ್ಯ ಗಂಟಿಗೆ ಬರುತ್ತೇನೆ. ಈ ಹೆಸರುಗಳು ಸತ್ಯ ಹೇಳಿದ್ದು ಬಹಳ ಕಡಿಮೆ ಕಾಲ.

ವಾಕರ್‌ನನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ ಬಟ್ಟೆ ತುಳಿಯುವ ನೀರಿನ ಯಂತ್ರದ ಮೊದಲ ದಾಖಲೆಗಳು ಸಿಗುವುದು 1185ರಲ್ಲಿ, ಟೆಂಪ್ಲರ್ ಎಂಬ ಧಾರ್ಮಿಕ ಯೋಧರ ಆಸ್ತಿ ಪಟ್ಟಿಯಲ್ಲಿ. ಹೊಳೆ ನೀರು ಗಾಲಿ ತಿರುಗಿಸುತ್ತದೆ, ಗಾಲಿ ಎರಡು ದಪ್ಪ ಮರದ ಸುತ್ತಿಗೆಗಳನ್ನು ಎತ್ತಿ ಬಿಡುತ್ತದೆ. ಒನಕೆ ತಾನಾಗೇ ಕುಟ್ಟಿದ ಹಾಗೆ. ಇಂಥ ಯಂತ್ರ ನೂರು ವರ್ಷದಲ್ಲಿ ದೇಶದ ತುಂಬ ಹರಡಿತು. ಸಾಮಾನ್ಯ ಜನರಲ್ಲಿ ಅಪ್ಪನ ಅಡ್ಡಹೆಸರು ಮಗನಿಗೂ ಬರುವ ಪದ್ಧತಿ ಗಟ್ಟಿಯಾದದ್ದು ಆಮೇಲೆ, ಹೆಚ್ಚುಕಮ್ಮಿ 1400ರ ಹೊತ್ತಿಗೆ. ಅಂದರೆ ‘ತುಳಿಯುವವನು’ ಎಂಬ ಹೆಸರು ಮನೆತನಕ್ಕೆ ಅಂಟುವ ಹೊತ್ತಿಗೆ ಎಷ್ಟೋ ಕಡೆ ಕಾಲು ತೊಟ್ಟಿಯಿಂದ ಹೊರಗೆ ಬಂದಾಗಿತ್ತು.

ಈ ಯಂತ್ರ ಎಲ್ಲರಿಗೂ ಸಂತೋಷ ತಂದಿತು ಅಂದುಕೊಳ್ಳಬೇಡಿ. ಯಂತ್ರ ಒಡೆಯನದು. ನನ್ನ ಯಂತ್ರದಲ್ಲೇ ತುಳಿಸು, ನನ್ನ ಗಿರಣಿಯಲ್ಲೇ ಬೀಸಿಸು, ಕಾಸು ಕೊಡು. ಸೇಂಟ್ ಆಲ್ಬನ್ಸ್ ಊರಿನಲ್ಲಿ ಮಠಕ್ಕೂ ಜನಕ್ಕೂ ಇದೇ ಜಗಳ, ತಲೆಮಾರುಗಟ್ಟಲೆ. 1330ರ ಸುಮಾರಿಗೆ ಮಠಾಧಿಪತಿಯಾಗಿದ್ದ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಜನರ ಮನೆಯ ಬೀಸುಕಲ್ಲುಗಳನ್ನೆಲ್ಲ ಕಿತ್ತುಕೊಂಡ. ಕಿತ್ತುಕೊಂಡು ಏನು ಮಾಡಿದ? ಮಠದ ಪಡಸಾಲೆಗೆ ನೆಲಹಾಸಾಗಿ ಹಾಕಿಸಿದ. ಐವತ್ತು ವರ್ಷ ಜನ ಆ ಕಲ್ಲು ನೋಡುತ್ತ ಹಲ್ಲು ಕಚ್ಚಿಕೊಂಡಿದ್ದರು. 1381ರ ರೈತ ದಂಗೆಯಲ್ಲಿ ಒಳಗೆ ನುಗ್ಗಿ, ಆ ನೆಲ ಅಗೆದು, ಕಲ್ಲಿನ ಚೂರುಗಳನ್ನು ಪ್ರಸಾದದಂತೆ ಹಂಚಿಕೊಂಡು ಮನೆಗೆ ಹೋದರು.

ಈ ರಿಚರ್ಡ್ ದೊಡ್ಡ ಗಣಿತಜ್ಞ, ಗಡಿಯಾರ ಕಟ್ಟಿದವನು. ಅವನ ಅಪ್ಪ ಕಮ್ಮಾರ. ಆದರೆ ಅವನು ಸ್ಮಿತ್ ಆಗಲಿಲ್ಲ. ಊರಿನ ಹೆಸರಿನಿಂದ ಗುರುತಾದ. ಇತ್ತ ಕವಿ ಚಾಸರ್‌ನನ್ನು ನೋಡಿ. ಆ ಹೆಸರಿನ ಮೂಲ ಅರ್ಥ ಕಾಲುಚೀಲ, ಪಾದರಕ್ಷೆ ಮಾಡುವವನು. ಅವನ ಅಪ್ಪ ವೈನ್ ವ್ಯಾಪಾರಿ. ಚಾಸರ್ 1374ರಲ್ಲಿ ಹಿಡಿದ ಕೆಲಸ ಲಂಡನ್ ಬಂದರಿನಲ್ಲಿ ಉಣ್ಣೆ ಸುಂಕದ ಲೆಕ್ಕ. ಮೂರಕ್ಕೂ ಮೂರು ದಿಕ್ಕು. ಇದಕ್ಕೆಲ್ಲ ಕಿರೀಟ ಇಟ್ಟ ಹಾಗೆ ಒಬ್ಬನಿದ್ದಾನೆ, ಎಡ್ಮಂಡ್ ಕಾರ್ಟ್‌ರೈಟ್. ಕಾರ್ಟ್‌ರೈಟ್ ಎಂದರೆ ಚಕ್ಕಡಿ ಮಾಡುವವನು. ವೃತ್ತಿಯಲ್ಲಿ ಪಾದ್ರಿ. 1785ರಲ್ಲಿ ಪೇಟೆಂಟ್ ಪಡೆದದ್ದು ಯಂತ್ರದ ಮಗ್ಗಕ್ಕೆ.

ಹೀಗಿರುವಾಗ, ನಿಮ್ಮ ಸರ್‌ನೇಮ್ ಕೊಡಿ, ನಿಮ್ಮ ವಂಶದ ಲಾಂಛನ ಕೊಡುತ್ತೇವೆ ಎಂದು ಫ್ರೇಮ್, ಮಗ್, ಕೀಚೈನ್ ಮಾರುವವರಿದ್ದಾರೆ. ಶುದ್ಧ ಟೋಪಿ. ಇಂಗ್ಲೆಂಡಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಮತ್ತು ಅವನ ನೇರ ವಾರಸುದಾರರಿಗೆ ಸೇರಿದ್ದು, ಅಡ್ಡಹೆಸರಿಗೆ ಸೇರಿದ್ದಲ್ಲ. ಲಾಂಛನಗಳ ಲೆಕ್ಕ ಇಡಲು 1484ರಿಂದ ಅಲ್ಲಿ ಒಂದು ಸಂಸ್ಥೆಯೇ ಇದೆ, ಕಾಲೇಜ್ ಆಫ್ ಆರ್ಮ್ಸ್. ಅವರೂ ಇದನ್ನೇ ಹೇಳುತ್ತಾರೆ. ಉಚ್ಚೆ ತೊಟ್ಟಿಯಲ್ಲಿ ನಿಂತವನಿಗೆ ಸಿಂಹದ ಗುರಾಣಿ ಯಾರು ಕೊಟ್ಟಿದ್ದರು, ಹೇಳಿ?

ಹೆಸರು ರಕ್ತದ ಗುರುತೂ ಅಲ್ಲ. ಅಮೆರಿಕದಲ್ಲಿ ಮೇಡಂ ಸಿ. ಜೆ. ವಾಕರ್ ಎಂಬ ಕರಿಯ ಉದ್ಯಮಿ ಇದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆ ತಾಯಿಗೆ 1867ರಲ್ಲಿ ಹುಟ್ಟಿದ ಮಗಳು. ಹುಟ್ಟಿದಾಗ ಸಾರಾ ಬ್ರೀಡ್‌ಲವ್. ವಾಕರ್ ಎಂಬುದು ಮೂರನೇ ಗಂಡನ ಹೆಸರು. ಗಂಡನಿಂದ ವಿಚ್ಛೇದನವಾಯಿತು, ಹೆಸರು ಉಳಿಯಿತು, ಆ ಹೆಸರಿನಲ್ಲೇ ಕೂದಲಿನ ಎಣ್ಣೆ, ಕ್ರೀಮು ಮಾರಿ ದೊಡ್ಡ ಶ್ರೀಮಂತೆಯಾದರು. ಆ ಹೆಸರಿಗಾಗಿ ಯಾರ್ಕ್‌ಶೈರ್ ತೊಟ್ಟಿಯಲ್ಲಿ ಅವರ ಪೂರ್ವಜರನ್ನು ಹುಡುಕುತ್ತೀರಾ?

ನಮಗೆ ಹತ್ತಿರದ ಕಥೆ ಇನ್ನೂ ಚೆನ್ನಾಗಿದೆ. ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್‌ನಲ್ಲಿ 1820ರಲ್ಲಿ ಜಾನ್ ವಾಕರ್ ಎಂಬ ಹುಡುಗ ದಿನಸಿ ಅಂಗಡಿ ಇಟ್ಟ. ಅಂಗಡಿಯಿಂದ ವಿಸ್ಕಿ ಬಂತು. 1908ರಲ್ಲಿ ಬಾಟಲಿಗೆ ಒಂದು ಚಿತ್ರ ಬರೆಸಿದರು: ಟೋಪಿ, ಕೋಲು, ದಾಪುಗಾಲು ಹಾಕಿ ನಡೆಯುವ ಸಾಹೇಬ. ತುಳಿಯುವವನು ಅಲ್ಲಿಗೆ ಅಧಿಕೃತವಾಗಿ ನಡೆಯುವವನಾದ! ಬೂಟು ಬೇರೆ ಹಾಕಿಕೊಂಡ. ಮುಂದೆ ಮುಂಬಯಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಹಿಂದಿ ಸಿನಿಮಾ ನಿರ್ದೇಶಕ ಗುರುದತ್, ಕುಡುಕನ ನಟನೆ ಚೆನ್ನಾಗಿ ಮಾಡುತ್ತಿದ್ದ ಬದ್ರುದ್ದೀನ್ ಕಾಜಿ ಎಂಬ ಬಸ್ ಕಂಡಕ್ಟರ್‌ಗೆ ಆ ಬಾಟಲಿಯ ಹೆಸರನ್ನೇ ಇಟ್ಟರು. ಜಾನಿ ವಾಕರ್. ಉಣ್ಣೆ ತೊಟ್ಟಿಯಿಂದ ದಿನಸಿ ಅಂಗಡಿ, ಅಲ್ಲಿಂದ ವಿಸ್ಕಿ, ಅಲ್ಲಿಂದ ಬಸ್ಸಿನ ಟಿಕೆಟ್ ಚೀಲ. ಹೆಸರು ಹೋದ ದಾರಿ ನೋಡಿ.

ಇಷ್ಟು ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ. ‘ನಮ್ಮಲ್ಲೂ ಹೀಗೇ ಅಲ್ವಾ? ಕಂಬಾರ, ಕುಂಬಾರ, ಪತ್ತಾರ, ಹೂಗಾರ, ಅಂಬಿಗೇರ. ಅವರಿಗೆ ಕಾರ್ಪೆಂಟರ್, ನಮಗೆ ಬಡಿಗೇರ. ಎಲ್ಲ ಒಂದೇ.’

ನಾನೂ ಬಡಿಗೇರನೇ. ಗದಗ ಸೀಮೆಯವನು. ನನ್ನ ಅಜ್ಜ ಚಕ್ಕಡಿ ಗಾಲಿ ಮಾಡುತ್ತಿದ್ದರು. ನಾನು ಗೋಡೆಗೆ ಮೊಳೆ ಹೊಡೆದರೆ ಬೆರಳು ಜಜ್ಜಿಕೊಳ್ಳುತ್ತೇನೆ. ಹಾಗಾಗಿ ಹೆಸರಿಗೂ ಕೆಲಸಕ್ಕೂ ಸಂಬಂಧ ತಪ್ಪಿದ್ದರಲ್ಲಿ ನಾನೂ ಆ ವಾಕರ್ ಥರವೇ. ಆದರೂ ‘ಎಲ್ಲ ಒಂದೇ’ ಎಂಬುದನ್ನು ನಾನು ಒಪ್ಪುವುದಿಲ್ಲ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಮಾಲೀಕರು ಫೋನಿನಲ್ಲಿ ಹೆಸರು ಕೇಳಿದರು. ಹೇಳಿದೆ. ‘ಫುಲ್ ನೇಮ್ ಹೇಳಿ’ ಅಂದರು. ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, ‘ಬಡಿಗೇರ ಅಂದ್ರೆ... ನೀವು ಯಾವ ಪೈಕಿ?’ ಅಂದರು. ಮನೆ ಸಿಗಲಿಲ್ಲ. ಕಾರಣ ಯಾರೂ ಹೇಳುವುದಿಲ್ಲ, ‘ಬೇರೆಯವರು ಅಡ್ವಾನ್ಸ್ ಕೊಟ್ಟುಬಿಟ್ಟರು’ ಅನ್ನುತ್ತಾರೆ ಅಷ್ಟೇ. ಅವರಿಗೆ ನಾನು ಮರಗೆಲಸ ಬಲ್ಲೆನಾ ಎಂಬುದು ಬೇಕಾಗಿರಲಿಲ್ಲ. ಕೆಲಸ ಹೋಗಿದೆ, ಅದಕ್ಕೆ ಕಟ್ಟಿದ್ದ ಹಗ್ಗ ಹೋಗಿಲ್ಲ. ವಾಕರ್‌ಗೆ ಹಗ್ಗ ತುಂಡಾಗಿ ಶತಮಾನಗಳಾದವು. ಫುಲ್ಲರ್‌ನ ಮಗಳು ವಾಕರ್‌ನ ಮಗನನ್ನು ಮದುವೆಯಾದರೆ ಅದರಲ್ಲಿ ಯಾರೂ ಏನೂ ಹುಡುಕುವುದಿಲ್ಲ. ಹಾಗಂತ ಇಂಗ್ಲೆಂಡ್ ಸಮಾನತೆಯ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಹೆಸರು ಬೇಡ, ಬಾಯಿ ತೆರೆದರೆ ಸಾಕು. ಮಾತಿನ ಧಾಟಿಯಲ್ಲೇ ಯಾವ ವರ್ಗದವನು, ಯಾವ ಶಾಲೆ ಎಂದು ಅಳೆದುಬಿಡುತ್ತಾರೆ.

ಒಂದು ವಿಷಯ ಮಾತ್ರ ನನಗೆ ಬಿಡದೆ ಕಾಡುತ್ತದೆ. ಅಲ್ಲಿ ಹೊಳೆಯ ಯಂತ್ರಗಳು ಶುರುವಾಗುತ್ತಿದ್ದ ಅದೇ 12ನೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ಶರಣರು ಇದ್ದರು. ಮಡಿವಾಳ ಮಾಚಿದೇವ. ಮೇದಾರ ಕೇತಯ್ಯ. ನುಲಿಯ ಚಂದಯ್ಯ. ಅಂಬಿಗರ ಚೌಡಯ್ಯ. ಕೆಲಸ ಹೆಸರಿನ ಹಿಂದೆ ಬಾಲವಾಗಿ ಅಲ್ಲ, ಮುಂದೆ ನಿಂತಿದೆ. ಚೌಡಯ್ಯ ತನ್ನ ವಚನಕ್ಕೆ ದೇವರ ಹೆಸರಿನ ಅಂಕಿತವನ್ನೂ ಹಾಕಲಿಲ್ಲ, ‘ಅಂಬಿಗರ ಚೌಡಯ್ಯ’ ಎಂದೇ ಸಹಿ ಮಾಡಿದ. ಅಲ್ಲಿ ಗುಮಾಸ್ತ ತೆರಿಗೆ ಪಟ್ಟಿ ಬರೆಯುವಾಗ ಗುರುತಿಗೆ ಅಂಟಿಸಿದ್ದನ್ನು ಇಲ್ಲಿ ಅವರೇ ಎತ್ತಿ ಹಣೆಗೆ ಹಚ್ಚಿಕೊಂಡಿದ್ದರು. ಆ ಹೆಸರು ನುಡಿಯುವಾಗ ಕೆಲಸ ಇನ್ನೂ ಬಿಸಿಯಾಗಿತ್ತು, ಹುಟ್ಟು ಕೈಯಲ್ಲೇ ಇತ್ತು. ಆಮೇಲೆ ಏನಾಯಿತು ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಸುರಪುರಕ್ಕೆ ಹೋದರೆ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1840ರ ದಶಕದಲ್ಲಿ ಅಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇದ್ದ ಬಂಗಲೆ. ಆ ಟೇಲರ್‌ನ ಪೂರ್ವಜರು ಬಟ್ಟೆ ಹೊಲಿದವರಾ ಎಂದು ಸುರಪುರದಲ್ಲಿ ಯಾರೂ ಕೇಳಿದ ಹಾಗಿಲ್ಲ. ಸಾಹೇಬರು ಸಾಹೇಬರೇ.

ಆ ಕಾಲ್ ಕಥೆ ಬಾಕಿ ಇತ್ತಲ್ಲ. ಅವತ್ತು ಎಲ್ಲರ ನಗು ನಿಂತ ಮೇಲೆ ವಾಕರ್ ನನ್ನನ್ನು ಕೇಳಿದ, ‘ನಿನ್ನ ಸರ್‌ನೇಮ್‌ಗೂ ಅರ್ಥ ಇದೆಯಾ?’ ಮರಗೆಲಸದವನು, ಅಜ್ಜ ಗಾಲಿ ಮಾಡುತ್ತಿದ್ದರು ಅಂದೆ. ‘ಓ, ಹಾಗಾದರೆ ನೀನು ನಮ್ಮಲ್ಲಿ ವೀಲ್‌ರೈಟ್! ಒಳ್ಳೇ ಹೆಸರು’ ಅಂದ. ಮನಸಾರೆ ಹೇಳಿದ. ಬಾಡಿಗೆ ಮನೆಯ ಕಥೆ ನಾನು ಅವನಿಗೆ ಹೇಳಲಿಲ್ಲ. ಹೇಳಬೇಕೆಂದರೆ ಮೊದಲು ‘ಪೈಕಿ’ ಎಂಬುದಕ್ಕೆ ಇಂಗ್ಲಿಷ್ ಹುಡುಕಬೇಕಿತ್ತು. ಮೀಟಿಂಗ್ ಮುಗಿಯಲು ಎರಡೇ ನಿಮಿಷ ಇತ್ತು.